ಮೂರು ಗಂಟೆಯ ಗಾಡಿ

ಲೈಬ್ರರಿಯಲ್ಲಿ ಕುಳಿತು ಬಂದವರಿಗೆಲ್ಲ "ಶ್..." ಎನ್ನುವುದೇ ಕಸುಬಾಗಿದ್ದ ಒಬ್ಬ ಸಾಧು ಮನುಷ್ಯನಿದ್ದ. ದೇವರ ಲೀಲೆ ನೋಡಿ, ಅಂಥವನ ಕಾರು ಮಧ್ಯಾಹ್ನ ಮೂರಾಯಿತೆಂದರೆ ತನ್ನಷ್ಟಕ್ಕೆ ತಾನೇ ಕೂಗತೊಡಗಿತು.

ಮನೆಯ ಪಕ್ಕದ ಓಣಿಯಲ್ಲಿ ಅದು ಬೂದು ಬಣ್ಣದ ಮುಸುಕು ಹೊದ್ದು ನಿಂತಿರುತ್ತಿತ್ತು. ಹೊತ್ತು ಮೂರಾದೊಡನೆ ಮುಸುಕಿನೊಳಗೆ ಎಡಗಡೆ ಹಳದಿ ದೀಪ ಮಿಣುಕುವುದು, ಆಮೇಲೆ ಬಲಗಡೆ. ಒಂದು ಹಾರನ್. ಸ್ವಲ್ಪ ಹೊತ್ತು ಬಿಟ್ಟು ಬಾಗಿಲುಗಳ ಚಿಲಕ 'ಟಕ್' ಎಂದು ಬಿಚ್ಚಿಕೊಳ್ಳುವುದು, 'ಟಕ್' ಎಂದು ಹಾಕಿಕೊಳ್ಳುವುದು. ಒಂದು ಹನಿ ಮಳೆಯಿಲ್ಲದ ಉರಿಬಿಸಿಲಿನಲ್ಲಿ ವೈಪರ್‌ಗಳು ಎದ್ದು, ಹೊದ್ದು ಮಲಗಿದವರು ಒಳಗಿನಿಂದಲೇ ಕೈ ಬೀಸಿ ಯಾರನ್ನೋ ಕರೆಯುತ್ತಿರುವಂತೆ ಅತ್ತಿತ್ತ ಆಡುವುವು. ನೋಡಿದವರ ಬೆನ್ನಲ್ಲಿ ಇರುವೆ ಹರಿದಂತಾಗುತ್ತಿತ್ತು; ಮುಸುಕೆತ್ತಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

ಆ ದಿನ ಬೆಳಿಗ್ಗೆ ಮಹಡಿಯ ಮೇಲಿನ ಮನೆಯೊಡತಿ, ನಿವೃತ್ತ ಟೀಚರಮ್ಮ, ಕೆಳಗಿಳಿದು ಬಂದರು.

"ರೀ ಲೈಬ್ರರಿಯವರೇ, ನಾನು ಮೂವತ್ತು ವರ್ಷ ಪಾಠ ಹೇಳಿದೋಳು. ದೆವ್ವ ಗಿವ್ವ ನಂಬೋಳಲ್ಲ. ಆದ್ರೆ ನಿಮ್ಮ ದೆವ್ವ ಟೈಮ್ ಟೇಬಲ್ ಇಟ್ಕೊಂಡಿದೆ ನೋಡಿ, ಅದೇ ನಂಗೆ ಭಯ. ಇವತ್ತಿಂದ ಅದು ಬಾಯಿ ಮುಚ್ಚಬೇಕು. ಇಲ್ಲಾಂದ್ರೆ ನೀವು ಮನೆ ಖಾಲಿ ಮಾಡಿ."

ಗೋಡೆಯಾಚೆಯಿಂದ ಪಕ್ಕದ ಮನೆಯ ಕಾಂಪೌಂಡರನ ತಲೆ ಮೇಲೆದ್ದಿತು. ಆ ಕಾರು ಮೊದಲು ಆತ ಕೆಲಸ ಮಾಡುತ್ತಿದ್ದ ಡಾಕ್ಟರದು. ಡಾಕ್ಟರು ತೀರಿಕೊಂಡ ಮೇಲೆ ಲೈಬ್ರರಿಯವನು ಅದನ್ನು ಕೊಂಡಿದ್ದ.

"ನಮ್ಮ ಡಾಕ್ಟ್ರೇ ಅದು, ಬೇರೆ ಯಾರೂ ಅಲ್ಲ. ದಿನಾ ರೋಗಿಗಳ ಮನೆಮನೆಗೆ ಹೀಗೇ ಹೋಗ್ತಿದ್ರು. ಎಡಕ್ಕೆ ತಿರುಗಿ ಒಂದು ಮನೆ, ಇಳಿಯೋದು, ಹತ್ತೋದು. ಬಲಕ್ಕೆ ತಿರುಗಿ ಇನ್ನೊಂದು. ಸತ್ತರೂ ರೌಂಡ್ಸ್ ಬಿಟ್ಟಿಲ್ಲ, ಪುಣ್ಯಾತ್ಮ!"

"ವೈಪರ್ ಯಾಕೆ ಆಡುತ್ತೆ ಮತ್ತೆ?" ಎಂದರು ಟೀಚರಮ್ಮ.

"ಕನ್ನಡಕ ಒರೆಸ್ಕೊಳ್ತಿರ್ತಾರೆ."

ಲೈಬ್ರರಿಯವನು ಒಳಗೆ ಹೋದರೆ ಹೆಂಡತಿಯ ಕಣ್ಣು ತುಂಬಿತ್ತು. "ರೀ, ಮನೆ ಬಿಟ್ರೆ ಮಾವನ ಗತಿ ಏನು? ಕಣ್ಣು ಪೂರ್ತಿ ಮಂಜಾಗಿದೆ. ಮಂಚದಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ, ಊಟದ ಮೇಜಿಗೆ ಒಂಬತ್ತು ಅಂತ ಎಣಿಸಿಟ್ಕೊಂಡು ಓಡಾಡ್ತಿದ್ದಾರೆ. ಹೊಸ ಮನೇಲಿ ದಿನಕ್ಕೊಂದು ಗೋಡೆಗೆ ಹಣೆ ಹೊಡ್ಕೋತಾರೆ."

ಅಪ್ಪ ಮೂಲೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು. ಲೈಬ್ರರಿಯವನು ರಜೆ ಹಾಕಿ, ದೇವರಿಗೊಂದು ಕೈ ಮುಗಿದು, ಕಾರು ತೆಗೆದುಕೊಂಡು ಹೊರಟ.

ವೈರಿಂಗ್ ಮೇಸ್ತ್ರಿಯ ಗ್ಯಾರೇಜಿನಲ್ಲಿ ಹಗಲಲ್ಲೂ ಅರ್ಧ ಕತ್ತಲೆ. ಗೋಡೆಯ ತುಂಬ ಬಿಚ್ಚಿಟ್ಟ ಹೆಡ್‌ಲೈಟುಗಳು ಕಣ್ಣುಗುಡ್ಡೆಗಳ ಹಾಗೆ ನೇತಾಡುತ್ತಿದ್ದವು. ಮೇಸ್ತ್ರಿ ಬ್ಯಾಟರಿಯ ತಂತಿ ಕಳಚಿದ, ಒಳಗಿನ ಕರೆಂಟು ಇಳಿಯಲೆಂದು ಹತ್ತು ನಿಮಿಷ ಕಾದ, ಆಮೇಲೆ ಡ್ಯಾಶ್‌ಬೋರ್ಡಿನ ಅಡಿಗೆ ತೂರಿಕೊಂಡು ಅಂಗೈಯಗಲದ ಕಪ್ಪು ಡಬ್ಬಿಯೊಂದನ್ನು ಹಿಡಿದು ಹೊರಬಂದ.

"ಇದೇ ನೋಡಿ ಸಾರ್, ಬಾಡಿ ಕಂಟ್ರೋಲ್ ಮಾಡ್ಯೂಲ್. ಇಂಜಿನ್ನು ಹೃದಯ ಅಂದ್ರೆ ಇದು ಮನಸ್ಸು. ದೀಪ, ಹಾರನ್, ಬಾಗಿಲು, ವೈಪರ್ ಎಲ್ಲಾ ಇದನ್ನ ಕೇಳೇ ಕೆಲಸ ಮಾಡೋದು. ಮನಸ್ಸು ಕೆಟ್ಟರೆ ಮೈ ಏನು ತಾನೇ ಮಾಡುತ್ತೆ?"

"ಕೆಟ್ಟಿದೆ ಅಂತೀರಾ?"

"ಕೆಡದೆ? ನೀವು ಹೇಳಿದ್ದು ಕೇಳಿದ್ರೆ ಇದಕ್ಕೆ ಪೂರ್ತಿ ಹುಚ್ಚೇ ಹಿಡಿದಿದೆ."

ಹೊಸ ಡಬ್ಬಿ ಮೇಸ್ತ್ರಿಯ ಕಪಾಟಿನಲ್ಲೇ ಇತ್ತು. ಅದನ್ನು ಕೂರಿಸುವ ಮುನ್ನ ಹಳೆಯದರೊಳಗೆ ಏನು ಬರೆದಿದೆಯೆಂದು ಯಂತ್ರಕ್ಕೆ ಹಚ್ಚಿ ಓದಿದ. ಓದಿದವನು ತಲೆ ಎತ್ತಲೇ ಇಲ್ಲ.

"ಸಾರ್, ಮೂರನೇ ಕೀಲಿ ಎಲ್ಲಿ?"

"ಇರೋದೇ ಎರಡು."

"ಗಾಡಿ ಮೂರು ಅಂತಿದೆ."

ಗ್ಯಾರೇಜಿನಲ್ಲಿ ಗಾಳಿಯೇ ಇರಲಿಲ್ಲ. ಆದರೂ ಗೋಡೆಯ ಮೇಲಿನ ಹೆಡ್‌ಲೈಟೊಂದು ಮೆಲ್ಲಗೆ ಈ ಕಡೆ ತಿರುಗಿತು. ಮೇಸ್ತ್ರಿ ದನಿ ತಗ್ಗಿಸಿದ.

"ಹೊಸ ಡಬ್ಬಿಗೆ ಕೀಲಿಗಳನ್ನ ಒಂದೊಂದಾಗಿ ಪರಿಚಯ ಮಾಡಿಸಬೇಕು. ಇವತ್ತು ಯಾವುದು ಬರಲ್ವೋ, ಅದು ಇದಕ್ಕೆ ಅಪರಿಚಿತ. ಬಾಗಿಲಿನ ತೂತಿಗೆ ಹೋಗುತ್ತೆ, ತಿರುಗುತ್ತೆ, ಅಷ್ಟೇ. ಒಂದು ದೀಪಾನೂ ಹತ್ತಲ್ಲ, ಹಾರನ್ನೂ ಆಗಲ್ಲ. ಯೋಚನೆ ಮಾಡಿ. ತೀರಿಕೊಂಡ ಡಾಕ್ಟರ ಕೀಲಿ ಅವರ ಹತ್ರಾನೇ ಉಳಿದಿರಬಹುದು."

ಲೈಬ್ರರಿಯವನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಬೇಡಿಕೊಂಡ: 'ಡಾಕ್ಟರೇ, ತಪ್ಪು ತಿಳೀಬೇಡಿ. ಇನ್ನು ಮುಂದೆ ನೀವು ನಡೆದೇ ಹೋಗಬೇಕು.' ಆಮೇಲೆ ಬಾಯಿಬಿಟ್ಟು, "ಎರಡೇ ಸಾಕು ಮೇಸ್ತ್ರಿ," ಎಂದ.

ಎರಡೂವರೆಗೆ ಕಾರು ಓಣಿಗೆ ಬಂದು ಮುಸುಕು ಹೊದ್ದುಕೊಂಡಿತು. ಅವನು ಮನೆಯೊಳಗೆ ಹೋಗಿ ನಾಲ್ಕು ತುತ್ತು ಉಂಡು, ಮೂರಕ್ಕೆ ಸ್ವಲ್ಪ ಮೊದಲು ಟೀಚರಮ್ಮನನ್ನೂ ಕಾಂಪೌಂಡರನನ್ನೂ ಓಣಿಗೆ ಕರೆದ. ಹೆಂಡತಿಯೂ ಸೆರಗು ಬಿಗಿದು ಬಂದಳು. ಅಪ್ಪನ ಹಿಂದಿನ ಕೋಣೆಯ ಬಾಗಿಲು ದಿನದಂತೆ ಹಾಕಿತ್ತು; ಮಲಗಿರಬೇಕೆಂದು ಅವರನ್ನು ಯಾರೂ ಕರೆಯಲಿಲ್ಲ.

ಮೂರು ಹೊಡೆಯಿತು. ದೀಪವಿಲ್ಲ. ಹಾರನ್ ಇಲ್ಲ. ಬಿಸಿಲು ಓಣಿಯಲ್ಲಿ ಉಸಿರು ಬಿಗಿಹಿಡಿದು ನಿಂತಿತ್ತು.

"ನೋಡಿದ್ರಾ?" ಎಂದು ಲೈಬ್ರರಿಯವನು ಎದೆ ಉಬ್ಬಿಸಿದ.

ಆಗ ಮುಸುಕು ಅಲುಗಿತು. ಅದರೊಳಗಿನಿಂದ ಒಂದು ದನಿ, ಒಣಗಿದ, ತೀರಾ ಹಳೆಯ ದನಿ ಕೇಳಿಸಿತು.

"ಪೋಂ... ಪೋಂ..."

ಟೀಚರಮ್ಮ ಒಂದು ಹೆಜ್ಜೆ ಹಿಂದೆ ಸರಿದರು.

"ಟಿಕ್, ಟಿಕ್, ಟಿಕ್, ಟಿಕ್... ಯಾರಪ್ಪಾ ಇಳಿಯೋರು? ಬೇಗ, ಬೇಗ!"

ಕಾಂಪೌಂಡರ್ ಮೊಣಕಾಲೂರಿ ಬಿದ್ದ. "ಡಾಕ್ಟ್ರೇ! ನಿಮ್ಮ ಸ್ಟೆತಾಸ್ಕೋಪು ನಾನೇ ಎತ್ಕೊಂಡಿದ್ದು! ನಾಳೇನೇ ನಿಮ್ಮ ಮನೆಗೆ ತಲುಪಿಸ್ತೀನಿ, ನನ್ನ ಮನೆಗೆ ಮಾತ್ರ ಇಳೀಬೇಡಿ!"

ಲೈಬ್ರರಿಯವನು ದೇವರನ್ನು ನೆನೆದು ಮುಸುಕನ್ನು ಎಳೆದೇಬಿಟ್ಟ.

ಸ್ಟೀರಿಂಗಿನ ಮುಂದೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಅಪ್ಪ ಕುಳಿತಿದ್ದರು.

"ಯಾರದು, ಮಗನಾ? ಲೋ, ಗಾಡಿ ಇವತ್ತು ಯಾಕೋ ನನ್ನ ಮೇಲೆ ಮುನಿಸ್ಕೊಂಡಿದೆ ಕಣೋ."

"ಅಪ್ಪಾ! ನಿಮಗೆ ಈ ಕೀಲಿ ಎಲ್ಲಿಂದ ಬಂತು?"

"ಗಾಡಿ ತಂದ್ಕೊಟ್ಟ ದಿನ ನೀನು ಲೈಬ್ರರೀಲಿದ್ದೆ. ತಂದವನು ಮೂರೂ ಕೀಲಿ ನನ್ನ ಕೈಗೇ ಕೊಟ್ಟ. ನಿನಗೆ ಎರಡು ಕೊಟ್ಟೆ. ಹಿತ್ತಲ ಬಾಗಿಲಿಂದ ಇಲ್ಲಿಗೆ ಇಪ್ಪತ್ತೇ ಹೆಜ್ಜೆ." ಮುದುಕರು ತಪ್ಪು ಮಾಡಿದ ಹುಡುಗನಂತೆ ತಲೆ ತಗ್ಗಿಸಿದರು. "ಇಂಜಿನ್ ಹಚ್ಚಿಲ್ಲ, ದೇವರಾಣೆ. ಒಂದಡಿ ಮುಂದೆ ಹೋಗಿಲ್ಲ. ಮೂವತ್ತನಾಲ್ಕು ವರ್ಷ ಮೂರು ಗಂಟೆ ಬಸ್ಸು ಓಡಿಸಿದ ಕೈ ಮಗಾ, ಹೊತ್ತಾದ್ರೆ ಸುಮ್ಮನಿರಲ್ಲ. ಕಣ್ಣು ಹೋಯ್ತು, ರಸ್ತೆ ಎಲ್ಲಿ ಹೋಗುತ್ತೆ?"

"ಮತ್ತೆ ವೈಪರ್?" ಎಂದು ಸೊಸೆ ಕೇಳಿದಳು.

"ಗುಡ್ಡದ ಬುಡದಲ್ಲಿ ಯಾವಾಗ್ಲೂ ಮಳೆಯಮ್ಮಾ."

ಪಾಪ, ಏನೂ ಕೆಡದ ಡಬ್ಬಿಯನ್ನು ಕೆಟ್ಟಿತೆಂದು ಕಿತ್ತೆಸೆದು ಬಂದಿದ್ದ ಲೈಬ್ರರಿಯವನು ಕೈ ಹಿಸುಕಿಕೊಂಡ. ಆದರೂ ಮನೆ ಉಳಿಯಿತಲ್ಲ ಎಂಬ ಸಮಾಧಾನದಿಂದ ಒಡತಿಯ ಕಡೆ ತಿರುಗಿದ. "ಟೀಚರಮ್ಮ, ದೆವ್ವ ಇಲ್ಲ ಅಂತಾಯ್ತು. ಇನ್ನು ಸದ್ದೂ ಇರಲ್ಲ. ಈ ಕೀಲಿ ಕೆಲಸ ಮಾಡೋದೇ ಇಲ್ಲ."

ಟೀಚರಮ್ಮ ಕಿಟಕಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು. "ಡ್ರೈವರೇ, ಗಡಿಯಾರದ ಕಂಬ ದಾಟ್ತಾ?"

"ಇನ್ನೂ ಇಲ್ಲ ತಾಯಿ. ಗುಡ್ಡ ಆದ್ಮೇಲೆ."

"ಶಾಲೆ ಬಿಟ್ಟು ನಾನು ಇದೇ ಬಸ್ಸಿಗೆ ಬರ್ತಿದ್ದೆ," ಎನ್ನುತ್ತ ಆಕೆ ಹಿಂದಿನ ಬಾಗಿಲು ತೆಗೆದು ಕಿಟಕಿಯ ಪಕ್ಕ ಕುಳಿತರು. ಮಂಡಿ ಒರೆಸಿಕೊಳ್ಳುತ್ತ ಕಾಂಪೌಂಡರ್ ಮುಂದಿನ ಸೀಟು ಹಿಡಿದ. ಸೊಸೆಯೂ, "ಬೆಳಿಗ್ಗೆಯಿಂದ ನಿಂತೇ ಇದ್ದೀನಿ," ಎಂದು ಒಳಗೆ ತೂರಿದಳು.

ಟೀಚರಮ್ಮ ಕಿಟಕಿಯಿಂದ ಬೆರಳು ತೋರಿಸಿದರು. "ರೀ, ವಯಸ್ಸಾದವರು ಬಾಯಲ್ಲಿ ಹಾರನ್ ಹೊಡೀಬೇಕಾ? ನಾಳೆ ಮೂರು ಗಂಟೆಗೆ ಇದು ಮೊದಲಿನ ಹಾಗೆ ಕೂಗಬೇಕು. ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ಅವನು ಅಲ್ಲೇ ನಿಂತು ಮೇಸ್ತ್ರಿಗೆ ಫೋನ್ ಮಾಡಿದ. "ಐದರೊಳಗೆ ಗಾಡಿ, ಮೂರೂ ಕೀಲಿ ತನ್ನಿ ಸಾರ್," ಎಂದ ಮೇಸ್ತ್ರಿ. "ಆಮೇಲೆ ಹದಿನೈದು ದಿನ ನಾನು ಊರಲ್ಲಿರಲ್ಲ."

"ಅಪ್ಪಾ, ಸ್ವಲ್ಪ ಇಳೀರಿ. ಗಾಡಿ ಬೇಕು."

"ನಡುದಾರೀಲಿ ಡ್ರೈವರನ್ನ ಇಳಿಸ್ತಾರೇನ್ರೀ?" ಎಂದು ಒಳಗಿನ ಮೂವರೂ ಒಟ್ಟಿಗೆ ಗದರಿದರು.

"ಕೊನೇ ಸ್ಟಾಪ್ ಎಷ್ಟೊತ್ತಿಗೆ ಅಪ್ಪಾ?"

"ಆರೂವರೆ," ಎಂದರು ಅಪ್ಪ, ಮಂಜುಗಣ್ಣನ್ನು ದೂರದಲ್ಲಿ ನೆಟ್ಟು. "ಪಕ್ಕಕ್ಕೆ ಸರಿ ಮಗಾ, ತಿರುವಿದೆ."

ಅಲುಗದೆ ನಿಂತ ಕಾರಿನೊಳಗೆ ನಾಲ್ಕೂ ತಲೆಗಳು ಒಟ್ಟಿಗೆ ಬಲಕ್ಕೆ ವಾಲಿದವು. ಎದುರಿಗೆ ನಿಂತಿದ್ದವನು ಬೆಚ್ಚಿಬಿದ್ದು ಗೋಡೆಯ ಕಡೆ ಹಾರಿದ.