ಟವೆಲ್ಲಿನ ಕೆಳಗಿನ ಪೋಕರ್

ಶಿಡ್ಲಘಟ್ಟದ ನಮ್ಮ ಸೋದರಮಾವ ವಿಶ್ವ ಪೋಕರ್ ಚಾಂಪಿಯನ್ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಅವರಿಗೆ ಪೋಕರ್ ಬರುವುದೇ ಇಲ್ಲ. ಆ ಆಟಕ್ಕೆ ಮುಖ್ಯವಾಗಿ ಬೇಕಾದ್ದು ಮನಸ್ಸಿನಲ್ಲಿರುವುದನ್ನು ಮುಖದಲ್ಲಿ ತೋರಿಸದೆ ಕೂರುವ ಕಲೆಯಂತೆ. ನಮ್ಮ ಮಾವನಿಗೆ ದೇವರು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೊಟ್ಟ. ಏನಾದರೂ ಒಂದನ್ನು ಮುಚ್ಚಿಟ್ಟರೆ ಸಾಕು, ಅವರ ಎರಡು ಕಿವಿಗಳೂ ಬುಡದಿಂದ ತುದಿಯವರೆಗೆ ಕೆಂಪಾಗಿ ಮೆಲ್ಲಗೆ ಅಲ್ಲಾಡತೊಡಗುತ್ತವೆ. ಹೌದು, ಅಲ್ಲಾಡುತ್ತವೆ! ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಮಾಡಿದ್ದರೂ ಸ್ವಲ್ಪವೇ.

ನನ್ನನ್ನು ನೋಡಲು ಗಂಡಿನ ಕಡೆಯವರು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದ ದಿನವನ್ನೇ ತೆಗೆದುಕೊಳ್ಳಿ. "ಹುಡುಗಿಗೆ ಅಡಿಗೆ ಬರುತ್ತಾ?" ಎಂದು ಆ ಕಡೆಯ ಅಜ್ಜಿ ಕೇಳಿದರು. ಅಮ್ಮ "ಓಹೋ, ಎಲ್ಲಾ ಬರುತ್ತೆ" ಎಂದಳು. ಅಪ್ಪ ಇನ್ನೂ ಮುಂದೆ ಹೋಗಿ "ಈ ಕೇಸರಿಬಾತು ಅವಳದೇ" ಎಂದುಬಿಟ್ಟರು. ಅಜ್ಜಿ ಮೂಲೆಯಲ್ಲಿ ಕೂತಿದ್ದ ಮಾವನ ಕಡೆ ತಿರುಗಿ "ಹೌದೇನಪ್ಪಾ?" ಎಂದರು. ಮಾವನ ಬಾಯಿ ಹೌದು ಎಂದಿತು, ಕಿವಿ ಇಲ್ಲ ಎಂದಿತು. ಮದುವೆಯೇನೋ ಆಯಿತು. ನನ್ನ ಗಂಡ ಈಗಲೂ ಹೇಳುತ್ತಾರೆ, "ನಿಮ್ಮ ಮಾವನ ಕಿವಿ ನೋಡೇ ಒಪ್ಕೊಂಡೆ ಕಣೇ. ಆ ಮನೇಲಿ ಒಬ್ರಾದ್ರೂ ನಿಜ ಹೇಳೋರಿದಾರೆ ಅಂತ ಧೈರ್ಯ ಬಂತು."

ಮಾವ ಗುಮಾಸ್ತರಾಗಿದ್ದ ಕಚೇರಿಯಲ್ಲೂ ಇದೇ ಕಥೆ. ಒಳಗೆ ಕೂತ ಸಾಹೇಬರು "ಯಾರಾದ್ರೂ ಬಂದ್ರೆ ನಾನಿಲ್ಲ ಅನ್ನು" ಎಂದು ಹೇಳಿ ಕಳಿಸಿದರೆ, ಮಾವ ಬಂದವರಿಗೆ "ಸಾಹೇಬ್ರು ಇಲ್ಲ" ಎಂದು ಒಪ್ಪಿಸುತ್ತಿದ್ದರು. ಬಂದವರು ಅವರ ಕಿವಿ ನೋಡಿ ನೇರವಾಗಿ ಒಳಗೆ ಹೋಗುತ್ತಿದ್ದರು. ಕೊನೆಗೆ ಅವರನ್ನು ಹಳೇ ಕಡತಗಳ ಕೋಣೆಗೆ ಹಾಕಿದರು. ಅಲ್ಲಿ ಹಲ್ಲಿಗಳ ಹೊರತು ಸುಳ್ಳು ಹೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಇಂಥ ಮನುಷ್ಯ ಇಸ್ಪೀಟು ಆಡಬಹುದೇ? ಆಡುತ್ತಿದ್ದರು, ಪ್ರತಿ ಭಾನುವಾರ ಮಧ್ಯಾಹ್ನ, ತಮ್ಮ ಮನೆಯ ಜಗಲಿಯ ಮೇಲೆ ಚಾಪೆ ಹಾಸಿಕೊಂಡು. ಪಣಕ್ಕೆ ಹುಣಸೇಬೀಜ. ಕೈಗೆ ಜೋಕರ್ ಬಂದರೆ ಕಿವಿ ಕೆಂಪಾಗುತ್ತಿತ್ತು. ಬೀದಿಯವರೆಲ್ಲ ಎಲೆ ಬಿಟ್ಟು ಕಿವಿ ನೋಡಿಕೊಂಡೇ ಆಡಿ ಗೆಲ್ಲುತ್ತಿದ್ದರು. ಹಾಗೆ ಆಡದವರು ಒಬ್ಬರೇ, ಬಾಷಾ ಸಾಹೇಬರು. ಅದೇ ಬೀದಿಯ ಕೊನೆಯಲ್ಲಿ ಅವರದು ರೇಷ್ಮೆ ನೂಲು ತೆಗೆಯುವ ಘಟಕ. ಮಾವನಿಗೆ ಚಡ್ಡಿ ಹಾಕುವ ಕಾಲದ ಗೆಳೆಯ. ಆಡುವಾಗ ತಲೆ ತಗ್ಗಿಸಿ ತಮ್ಮ ಎಲೆಗಳನ್ನಷ್ಟೇ ನೋಡುತ್ತಿದ್ದರು. "ಅವನ ಕಿವಿ ನೋಡಿ ಗೆಲ್ಲೋದು ಆಟ ಅಲ್ಲಮ್ಮಾ" ಎಂದು ಒಮ್ಮೆ ನನಗೇ ಹೇಳಿದ್ದರು. ಹಾಗಾಗಿ ಬಹಳ ಸಲ ಸೋಲುತ್ತಲೂ ಇದ್ದರು.

ಇಬ್ಬರೂ ಸೇರಿ ಕಲಿತ ಇನ್ನೊಂದು ವಿದ್ಯೆಯಿತ್ತು. ಬಾಷಾ ಸಾಹೇಬರ ತಂದೆ ಎತ್ತಿನ ವ್ಯಾಪಾರಿ. ದನದ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದುಕೊಳ್ಳಬೇಕು. ಎಷ್ಟು ಬೆರಳು ಅದುಮಿದರೆ ಅಷ್ಟು ದರ. ಸುತ್ತ ನಿಂತವರಿಗೆ ಟವೆಲ್ಲು ಕುಣಿಯುವುದು ಮಾತ್ರ ಕಾಣುತ್ತದೆ. ಹುಡುಗರಾಗಿದ್ದಾಗ ಈ ಇಬ್ಬರು ಆ ಬೆರಳ ಭಾಷೆ ಕಲಿತು, ತರಗತಿಯಲ್ಲಿ ಲೆಕ್ಕದ ಉತ್ತರಗಳನ್ನು ಅಂಗಿಯ ತುದಿಯ ಕೆಳಗೆ ದಾಟಿಸುತ್ತಿದ್ದರಂತೆ.

ಎರಡು ವರ್ಷದ ಹಿಂದೆ ಇದೆಲ್ಲ ನಿಂತುಹೋಯಿತು. ಒಂದು ಭಾನುವಾರ ರಮ್ಮಿ ಆಡುವಾಗ ಕಳಾವರ್ ಏಳು ಕಾಣೆಯಾಯಿತು. ಮಾವ ಬರೀ ಅದೊಂದೇ ಎಲೆಗೆ ಕಾದು ಕೂತಿದ್ದರು. ಸೋಲಿನ ಸಿಟ್ಟಿನಲ್ಲಿ, ಬೀದಿಯವರೆಲ್ಲ ಕೇಳುವಂತೆ, "ಬಾಷಾ, ಎಲೆ ಬಚ್ಚಿಟ್ಕೊಂಡಿದೀಯ ನೀನು" ಎಂದುಬಿಟ್ಟರು. ಬಾಷಾ ಸಾಹೇಬರು ಎಲೆಗಳನ್ನು ಮೆಲ್ಲಗೆ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಅಂದಿನಿಂದ ಮಾತಿಲ್ಲ. ಮಾವ ಅವರ ಘಟಕದ ಮುಂದೆ ಹಾಯುವುದನ್ನೂ ಬಿಟ್ಟರು. ಬಸ್‌ಸ್ಟ್ಯಾಂಡಿಗೆ ಹೋಗಬೇಕಾದರೆ ಹಿಂದಿನ ಬೀದಿ, ಅದರ ಹಿಂದಿನ ಬೀದಿ, ಹಿಪ್ಪುನೇರಳೆ ತೋಟ! ಬಿಟ್ಟಿದ್ದರೆ ದಿಬ್ಬೂರಹಳ್ಳಿ ಸುತ್ತಿಕೊಂಡೇ ಬಸ್ಸು ಹತ್ತುತ್ತಿದ್ದರೇನೋ. ಅತ್ತೆ ಚಿಂತಾಮಣಿ ಕಡೆಯವಳು, ಸಿಟ್ಟು ಬಂದರೆ ತೆಲುಗು. "ಏಮಿ ಮನುಷುಲಯ್ಯಾ ಮೀರು", ಎಂಥಾ ಮನುಷ್ಯರಯ್ಯಾ ನೀವು, ಎಂದು ಬೈದು ಬೈದು ಅವಳೂ ಸುಸ್ತಾದಳು. ಭಾನುವಾರ ಮಧ್ಯಾಹ್ನ ಮಾವ ಜಗಲಿಯ ಮೇಲೆ ಒಬ್ಬರೇ ಕೂತು ಎಲೆ ಕಲಸುತ್ತಿದ್ದರು. ಹಂಚುತ್ತಿರಲಿಲ್ಲ, ಕಲಸುತ್ತಿದ್ದರು ಅಷ್ಟೆ.

ಹೀಗಿರುವಾಗ ಸಿನಿಮಾ ಬಂತು.

ಮಾವನ ಮಗಳು ಶ್ವೇತಾ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ರಜೆ ಬಂದರೆ ಸಹೋದ್ಯೋಗಿಗಳನ್ನು ಕಟ್ಟಿಕೊಂಡು ಕಿರುಚಿತ್ರ ಮಾಡುವ ಹುಚ್ಚು. ಈ ಸಲದ್ದು ಸುಳ್ಳು ಸಾಕ್ಷ್ಯಚಿತ್ರ. ಎಂದರೆ, ನಡೆಯದೇ ಇದ್ದದ್ದನ್ನು ನಡೆದಿದೆ ಎಂಬಂತೆ, ಸಂದರ್ಶನ ಗಿಂದರ್ಶನ ಹಾಕಿ, ಗಂಭೀರವಾಗಿ ತೋರಿಸಿ ನಗಿಸುವುದು. ವಿಶ್ವ ಪೋಕರ್ ಚಾಂಪಿಯನ್‌ಶಿಪ್ಪು ಶಿಡ್ಲಘಟ್ಟದಲ್ಲಿ ನಡೆಯಿತು ಎಂಬುದು ಕಥೆ. "ಡೈಲಾಗ್ ಬರೆಯಲ್ಲ ಅಕ್ಕ. ಬಾಯಿಗೆ ಬಂದಿದ್ದು ಹೇಳೋದು, ಅದೇ ಮಜಾ" ಎಂದಳು. ನನಗೆ ಲೈಟು ಹಿಡಿಯುವ ಕೆಲಸ ಮತ್ತು ಟಿವಿ ಕಾಮೆಂಟೇಟರ್ ಪಾತ್ರ. ಚಾಂಪಿಯನ್ ಯಾರು ಎಂದು ಕೇಳಿದೆ. "ಅಪ್ಪ" ಎಂದಳು. ಕೈಯಲ್ಲಿ ಲೈಟು ಇದ್ದಿದ್ದರೆ ಬೀಳಿಸಿಬಿಡುತ್ತಿದ್ದೆ.

ಕಿವಿಗೆ ಅವಳ ಬಳಿ ಉಪಾಯವಿತ್ತು. ಮಂಕಿ ಕ್ಯಾಪು! ದೊಡ್ಡ ಪೋಕರ್ ಆಟಗಾರರು ಕಣ್ಣು ಕಾಣದಿರಲೆಂದು ಕಪ್ಪು ಕನ್ನಡಕ ಹಾಕುತ್ತಾರಂತೆ. ಅದರ ಮೇಲೆ ನಮ್ಮ ಮಾವನಿಗೆ ಚಳಿಗಾಲದ ಕೆಂಪು ಮಂಕಿ ಕ್ಯಾಪನ್ನೂ ಏರಿಸಿದರು. ಅತ್ತೆ ನೋಡಿ ಬಾಗಿಲಿಗೆ ಒರಗಿಕೊಂಡಳು. "ಏಮಿ ವೇಷಮಯ್ಯಾ ಇದಿ. ಚಾಂಪಿಯನ್ನಾ, ಚೌಕಿದಾರನಾ?"

ಮೊದಲು ಸಂದರ್ಶನ. ಮಾವನನ್ನು ಜಗಲಿಯ ಮೇಲೇ ಕೂರಿಸಿ, ಶ್ವೇತಾ ಕ್ಯಾಮೆರಾ ಹಿಂದಿನಿಂದ ಗಂಭೀರವಾಗಿ ಕೇಳಿದಳು, "ಸರ್, ನಿಮ್ಮ ಗೆಲುವಿನ ರಹಸ್ಯ?"

"ಬೆಳಿಗ್ಗೆ ರಾಗಿ ಗಂಜಿ," ಎಂದರು ಮಾವ. "ಮೇಲೆ ಒಂದು ಈರುಳ್ಳಿ. ಎದುರಾಳಿ ಹತ್ರ ಕೂರಲ್ಲ."

ಹಿಂದೆ ನಿಂತಿದ್ದ ಕಾರ್ಖಾನೆಯವರು ಬಾಯಿ ಮುಚ್ಚಿಕೊಂಡು ನಕ್ಕರು. ಮಾವ ನಿಜವನ್ನೇ ಹೇಳುತ್ತಿದ್ದರು ಎನ್ನುವುದು ನನಗೆ ಮಾತ್ರ ಗೊತ್ತಿತ್ತು.

"ಸರ್, ನಿಮ್ಮ ಜೀವನದ ದೊಡ್ಡ ಸೋಲು?"

ಮಾವ ಮಂಕಿ ಕ್ಯಾಪನ್ನು ಇನ್ನಷ್ಟು ಕೆಳಗೆಳೆದುಕೊಂಡರು. ಕಪ್ಪು ಕನ್ನಡಕದ ಹಿಂದೆ ಏನಾಗುತ್ತಿತ್ತೋ ಕಾಣಲಿಲ್ಲ. "ಕಳಾವರ್ ಏಳು," ಎಂದರು. "ನನ್ನ ಸ್ನೇಹಿತ ಕದ್ದ ಅಂದೆ. ಅವನು ಎದ್ದು ಹೋದ. ಸಾಯಂಕಾಲ ಚಾಪೆ ಒದರಿದೆ. ನಾನು ಕೂತಿದ್ದ ಜಾಗದ ಕೆಳಗೇ ಇತ್ತಮ್ಮಾ, ಬೆಚ್ಚಗೆ. ಹೋಗಿ ಹೇಳಣ ಅಂತ ಎಷ್ಟೋ ಸಲ ಹೊರಟೆ. ಅವನ ಬಾಗಿಲವರೆಗೂ ಹೋಗಕ್ಕೆ ಕಾಲು ಬರಲಿಲ್ಲ. ನನ್ನ ಮುಖ ನೋಡಿದ್ರೆ ಅವನಿಗೆ ಗೊತ್ತಾಗ್ಬಿಡುತ್ತಲ್ಲ. ಬಾಯಲ್ಲಿ ಹೇಳೋ ಮುಂಚೇನೇ ಗೊತ್ತಾಗ್ಬಿಟ್ರೆ ಹ್ಯಾಗೆ?"

ಕಾರ್ಖಾನೆಯವರು "ಸಾರ್ ಸೂಪರ್ ಆ್ಯಕ್ಟಿಂಗ್" ಎಂದು ಚಪ್ಪಾಳೆ ತಟ್ಟಿದರು. ಶ್ವೇತಾ ತಟ್ಟಲಿಲ್ಲ. ನಾನು ಲೈಟು ಆರಿಸಿದೆ.

ಮಾರನೆಯ ದಿನ ಅವಳು ನನ್ನನ್ನು ಎಳೆದುಕೊಂಡು ಹೋದದ್ದು ನೇರ ಬಾಷಾ ಸಾಹೇಬರ ಘಟಕಕ್ಕೆ. "ಚಾಂಪಿಯನ್‌ಗೆ ಒಬ್ಬ ಎದುರಾಳಿ ಬೇಕಲ್ಲ ಅಕ್ಕ" ಎಂದಳು. ಒಳಗೆ ಬಿಸಿನೀರಿನ ಹಬೆ, ಬೆಂದ ಗೂಡಿನ ವಾಸನೆ. ಬಾಷಾ ಸಾಹೇಬರು ಹೆಗಲ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಕ್ಯಾಮೆರಾ ಮುಂದೆ ಕೂತರು. ಎದುರಾಳಿಯ ಬಗ್ಗೆ ಏನು ಹೇಳುತ್ತೀರಿ ಎಂದು ಶ್ವೇತಾ ಕೇಳಿದಳು.

"ಏನು ಹೇಳ್ಲಮ್ಮಾ," ಎಂದರು. "ಇಷ್ಟು ವರ್ಷ ಎದುರುಗಡೆ ಕೂತು ಒಂದಿನಾನೂ ಅವನ ಕಿವಿ ನೋಡಲಿಲ್ಲ. ಅಂಥ ಕಳ್ಳ ನಾನು. ಅವನು ಬಂದು ಬೈದ್ರೂ ಪರವಾಗಿಲ್ಲ, ಬರಲಿ ಅಂತ ಭಾನುವಾರ ಬಾಗಿಲು ತೆಗೆದೇ ಇಟ್ಟಿರ್ತೀನಿ. ಬರಲ್ಲ. ಹಿಂದಿನ ಬೀದೀಲಿ ಹೋಗ್ತಾನೆ." ಆಮೇಲೆ ನಕ್ಕು, "ಇದೆಲ್ಲ ಸಿನಿಮಾಗೆ ತಾನೇ? ಹಾಗಾದ್ರೆ ಹಾಕ್ಕೊಳ್ಳಿ" ಎಂದರು.

ನಾವಿಬ್ಬರೂ ಹೊರಗೆ ಬಂದು ಮುಖ ಮುಖ ನೋಡಿಕೊಂಡೆವು. ಇಬ್ಬರು ಗೆಳೆಯರ ಮನಸ್ಸೂ ಈಗ ನಮ್ಮ ಕ್ಯಾಮೆರಾದಲ್ಲಿತ್ತು. ಮಾವ ಹೇಳಿದ್ದನ್ನು ಬಾಷಾ ಸಾಹೇಬರಿಗೆ ನೇರ ತೋರಿಸಿಬಿಡೋಣವೇ ಎಂದೆ. "ಬೇಡಕ್ಕ," ಎಂದಳು ಶ್ವೇತಾ, "ಅಪ್ಪನೇ ಹೇಳ್ಬೇಕು. ಇಲ್ದಿದ್ರೆ ಮತ್ತೆ ಹಿಂದಿನ ಬೀದೀನೇ." ಅವಳು ಈ ಸಿನಿಮಾ ಮಾಡಲು ಹೊರಟದ್ದೇ ಇದಕ್ಕೋ ಏನೋ, ಕೇಳಿದರೆ ಅವಳು ಹೇಳುವುದಿಲ್ಲ, ಅವಳ ಕಿವಿ ಅಮ್ಮನ ಕಡೆಯದು.

ಆಷಾಢವಾದ್ದರಿಂದ ಮದುವೆ ಮಂಟಪಗಳು ಖಾಲಿ. ಒಂದರ ಊಟದ ಹಾಲೇ ನಮ್ಮ ವಿಶ್ವ ಚಾಂಪಿಯನ್‌ಶಿಪ್ಪಿನ ಅಖಾಡ. ಪೋಕರಿಗೆ ಬಣ್ಣ ಬಣ್ಣದ ಬಿಲ್ಲೆಗಳು ಬೇಕಂತೆ, ಎಲ್ಲಿಂದ ತರುವುದು? ಕಲೆ ಬಿದ್ದು ನೂಲು ಬಿಚ್ಚಲು ಬಾರದ ರೇಷ್ಮೆಗೂಡುಗಳನ್ನು ಬಾಷಾ ಸಾಹೇಬರು ಬುಟ್ಟಿ ತುಂಬಾ ಕಳಿಸಿಕೊಟ್ಟಿದ್ದರು. ಬಿಳಿ ಗೂಡಿಗೆ ಕಡಿಮೆ ಬೆಲೆ, ಹಳದಿಗೆ ಹೆಚ್ಚು. ಹಿಂದೆಯೇ ಅವರೂ ಬಂದರು. ಅವರನ್ನು ಕಂಡದ್ದೇ ಮಾವ "ನಂಗ್ಯಾಕೋ ಹೊಟ್ಟೆನೋವು" ಎಂದು ಎದ್ದರು.

"ಕ್ಯಾಪ್ ತೆಗೀರಿ ನೋಡಣ" ಎಂದಳು ಶ್ವೇತಾ.

ಮಾವ ಕೂತುಕೊಂಡರು.

"ಅಪ್ಪಾ, ಇದು ಸುಳ್ಳು ಸಿನಿಮಾ. ಇಲ್ಲಿ ನೀವು ನೀವಲ್ಲ, ಅವರು ಅವರಲ್ಲ. ಇಬ್ಬರು ಚಾಂಪಿಯನ್‌ಗಳು, ಅಷ್ಟೆ."

ಆಟ ಶುರುವಾಯಿತು. ಆ ಹಾಲಿನಲ್ಲಿ ಒಬ್ಬರಿಗಾದರೂ ಪೋಕರ್ ಬರುತ್ತಿತ್ತೇ ಎಂದು ಕೇಳಬೇಡಿ. ಮಾವನಂತೂ ಪಣದ ಬೆಟ್ಟನ್ನು ಬಾಯಲ್ಲಿ ಹೇಳಲು ಒಪ್ಪಲೇ ಇಲ್ಲ. "ನಾಲ್ಕು ಜನ ಕೇಳೋ ಹಾಗೆ ಕೂಗೋದಾ? ಸಂತೆ ಮರ್ಯಾದೆ ಅಂತ ಒಂದಿದೆ" ಎಂದು ಟವೆಲ್ಲು ತರಿಸಿದರು. ಪಕ್ಕದ ಆಟಗಾರ ಶ್ವೇತಾಳ ಕಾರ್ಖಾನೆಯ ಸೂಪರ್‌ವೈಸರ್. ಮಾವ ಟವೆಲ್ಲಿನ ಕೆಳಗೆ ಅವನ ಮೂರು ಬೆರಳು ಅದುಮಿದರು. ಅವನು ವಿನಯದಿಂದ ಕೈ ಕುಲುಕಿ "ಥ್ಯಾಂಕ್ಯೂ ಸರ್" ಎಂದ.

"ಶೇಕ್‌ಹ್ಯಾಂಡ್ ಅಲ್ಲಪ್ಪಾ. ನಾನು ಮೂರು ಹಳದಿ ಅಂದೆ. ನೀನು ಎಲ್ಲಾ ಸೋತೆ, ಎದ್ದೇಳು."

ಹೀಗೆ ಒಬ್ಬೊಬ್ಬರನ್ನೂ ಯಾರಿಗೂ ಅರ್ಥವಾಗದ ಕಾನೂನಿನಲ್ಲಿ ಸೋಲಿಸಿ ಎಬ್ಬಿಸಿದರು. ನಡುವೆ ಮಾವ ಮುಂದಿಟ್ಟಿದ್ದ ಒಂದು ಹಳದಿ ಗೂಡು ತೂತಾಗಿ, ಒಳಗಿನಿಂದ ಚಿಟ್ಟೆ ಹೊರಬಂದು, ರೆಕ್ಕೆ ಒದರಿಕೊಂಡು ಮೇಜಿನ ಮೇಲೆ ನಡೆಯತೊಡಗಿತು. "ವೀಕ್ಷಕರೇ, ಚಾಂಪಿಯನ್ ಕಟ್ಟಿದ ಬೆಟ್ಟು ಎದ್ದು ಎದುರಾಳಿಯ ಕಡೆ ಹೊರಟಿದೆ" ಎಂದು ನಾನು ಕಾಮೆಂಟರಿ ಹೇಳಿದೆ. ಸುಳ್ಳು ಹೇಳಲಿಲ್ಲ. ಅದು ನಿಜಕ್ಕೂ ಬಾಷಾ ಸಾಹೇಬರ ಕಡೆಗೇ ನಡೆಯುತ್ತಿತ್ತು.

ಈಗ ಮೇಜಿನಲ್ಲಿ ಇಬ್ಬರೇ ಉಳಿದರು. ಬಾಷಾ ಸಾಹೇಬರು ಎಂದಿನಂತೆ ತಲೆ ತಗ್ಗಿಸಿ ತಮ್ಮ ಎಲೆ ನೋಡುತ್ತಿದ್ದರು. ಹೆಗಲ ಟವೆಲ್ಲನ್ನು ತೆಗೆದು, ಮೇಜಿನ ಮೇಲೆ ಹರಡಿ, ಅದರ ಕೆಳಗೆ ಕೈ ಇಟ್ಟರು. ಮಾವನ ಕೈ ತಡವಾಗಿ ಹೋಯಿತು.

ಟವೆಲ್ಲು ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು.

"ಏಳು," ಎಂದರು ಬಾಷಾ ಸಾಹೇಬರು, ಎಲೆಗಳಿಂದ ಕಣ್ಣು ತೆಗೆಯದೆ. "ಸರಿ, ಏಳು. ನಾನು ಎಂಟು."

ಟವೆಲ್ಲು ಮತ್ತೆ ಅಲ್ಲಾಡಿತು.

"ಮತ್ತೂ ಏಳಾ? ನಾನು ಎಂಟು ಅಂದ್ಮೇಲೆ ಏಳು ಅಂತಾರೇನೋ? ಸಂತೆ ಮರೆತುಹೋಯ್ತಾ ನಿಂಗೆ?"

ಟವೆಲ್ಲು ಅಲ್ಲಾಡುತ್ತಲೇ ಇತ್ತು. ನನಗೆ ಅರ್ಥವಾಯಿತು. ಶ್ವೇತಾಳಿಗೂ. ಮಾವ ಎಡಗೈಯಿಂದ ಕಪ್ಪು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಮಂಕಿ ಕ್ಯಾಪನ್ನು ಮೆಲ್ಲಗೆ ಎಳೆದು ತೆಗೆದರು. ಕಿವಿಗಳು ಕೆಂಡದ ಹಾಗಿದ್ದವು. ನೋಡಲಿ ಎಂದೇ ತೆಗೆದಿದ್ದರು.

"ಬಾಷಾ, ಮೇಲೆ ನೋಡೋ," ಎಂದರು.

ಬಾಷಾ ಸಾಹೇಬರು ತಲೆಯೆತ್ತಿದರು. ಅಷ್ಟು ವರ್ಷದ ಆಟದಲ್ಲಿ ಮೊದಲ ಸಲ ಗೆಳೆಯನ ಕಿವಿಗಳನ್ನು ನೋಡಿದರು. ನೋಡುತ್ತಾ ಕೂತರು.

"ಕಳಾವರಾ?" ಎಂದರು.

ಮಾವ ತಲೆಯಾಡಿಸಿದರು.

"ಎಲ್ಲಿತ್ತೋ?"

"ನನ್ನ ಚಾಪೆ ಕೆಳಗೇ ಇತ್ತು ಕಣೋ. ಅವತ್ತೇ ಸಿಕ್ತು. ತಪ್ಪಾಯ್ತು."

ಬಾಷಾ ಸಾಹೇಬರು ತಮ್ಮ ಎಲೆಗಳನ್ನೆಲ್ಲ ಮೇಜಿನ ಮೇಲೆ ಬೋರಲು ಹಾಕಿದರು. "ನಾನು ಪ್ಯಾಕು," ಎಂದರು. "ಚಾಂಪಿಯನ್ ನೀನೇ. ಭಾನುವಾರ ಬರ್ತೀನಿ, ಆ ಚಾಪೆ ಒದರಿ ಹಾಸು."

ಕಾರ್ಖಾನೆಯವರು ಚಪ್ಪಾಳೆ ತಟ್ಟಲು ಹೋಗಿ, ಏನೋ ತೋಚಿ ಕೈ ಇಳಿಸಿದರು. ಕಟ್ ಎನ್ನಬೇಕಾದ ಶ್ವೇತಾ ದುಪಟ್ಟಾದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಟ ಮುಗಿದಿತ್ತು, ಬೆಟ್ಟು ಮುಗಿದಿತ್ತು, ಆ ಚಿಟ್ಟೆ ಟವೆಲ್ಲಿನ ಮೇಲೆ ಹತ್ತಿ ಕೂತಿತ್ತು. ಟವೆಲ್ಲಿನ ಕೆಳಗಿನ ಎರಡು ಕೈಗಳು ಮಾತ್ರ ಬಹಳ ಹೊತ್ತು ಹೊರಗೆ ಬರಲಿಲ್ಲ.