ಕೋಟೆ ಕಟ್ಟುವವನ ಕುರ್ಚಿ

ಅವನಿಗೆ ಅನುಮಾನಪಡಲು ಬರುತ್ತಿರಲಿಲ್ಲ. ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಮೇಣದ ಅಚ್ಚಿಗೆ ಹಲ್ಲು ಜೋಡಿಸುವ ಕೆಲಸ. ಯಾವುದನ್ನು ಕೇಳಿದರೂ "ಗ್ಯಾರಂಟಿ" ಎನ್ನುತ್ತಿದ್ದುದರಿಂದ ಹೆಸರೇ ಗ್ಯಾರಂಟಿ ಎಂದಾಗಿತ್ತು.

ನಾಲ್ಕು ವರ್ಷದ ಹಿಂದೆ, ಸಾವಿರಾರು ಜನರಿಂದ ಚಂದಾ ಎತ್ತಿ ತಯಾರಾಗುತ್ತಿದ್ದ 'ನೂರು ಬಾಗಿಲ ಕೋಟೆ' ಎಂಬ ಆನ್‌ಲೈನ್ ಆಟಕ್ಕೆ ಅವನು ದುಡ್ಡು ಹಾಕಿದ. ಲ್ಯಾಬಿನ ಐವರಿಂದಲೂ ಹಾಕಿಸಿದ, ಮಾಲೀಕರನ್ನೂ ಬಿಡಲಿಲ್ಲ. ನೂರರಲ್ಲಿ ಒಂದು ಬಾಗಿಲೂ ಈವರೆಗೆ ತೆರೆದಿರಲಿಲ್ಲ. ಆಟದ ಪುಟದಲ್ಲಿದ್ದ ಕೊನೆಯ ಸುದ್ದಿಗೆ ಹನ್ನೊಂದು ತಿಂಗಳಾಗಿತ್ತು: 'ಕುದುರೆಯ ಬಾಲ ಸರಿಯಾಗಿ ಅಲ್ಲಾಡುತ್ತಿಲ್ಲ. ದಯವಿಟ್ಟು ತಾಳ್ಮೆಯಿರಲಿ.'

ಅಂದು ಬೆಳಿಗ್ಗೆ ಪಾಲಿಶ್ ಮಾಡುವ ಅಕ್ಕ ಶುರು ಹಚ್ಚಿಕೊಂಡಳು. "ಏನೋ ಗ್ಯಾರಂಟಿ, ನಿನ್ನ ಕುದುರೆ ಬಾಲ ಅಲ್ಲಾಡಿಸ್ತಾ?"

"ಒಳ್ಳೆ ಕೆಲಸಕ್ಕೆ ಟೈಮ್ ಹಿಡಿಯುತ್ತೆ ಅಕ್ಕಾ."

"ಅಷ್ಟು ಟೈಮಲ್ಲಿ ನನ್ನ ಮಗಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲೇ ಬಂತಲ್ಲೋ!"

ನಗು ಕೇಳಿ ಮಾಲೀಕರು ಹೊರಬಂದರು. ಅವರು ನಗಲಿಲ್ಲ. "ಆ ಆಟ ತಯಾರಾಗ್ತಿದೆಯೋ ಇಲ್ವೋ, ಇವತ್ತು ಸಂಜೆಯೊಳಗೆ ಕಣ್ಣಾರೆ ನೋಡ್ಕೊಂಡು ಬಾ. ಮೋಸ ಅಂತಾದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಪುಟದ ತಳದಲ್ಲಿ ವಿಳಾಸವಿತ್ತು. ಗ್ಯಾರಂಟಿ ಲ್ಯಾಬಿನ ನೀಲಿ ಅಂಗಿಯಲ್ಲೇ, ಬಿಸಿಲಿಗೆ ಛತ್ರಿ ಹಿಡಿದು, ಎರಡು ಬಸ್ಸು ಬದಲಿಸಿ, ಲಾಂಡ್ರಿಯೊಂದರ ಮೇಲಿನ ಮೂರನೇ ಮಹಡಿ ಹತ್ತಿದ. ಬಾಗಿಲು ತೆರೆದವನು ಹಿಂಡಿ ಒಣಹಾಕಲು ಮರೆತ ಬಟ್ಟೆಯಂತಿದ್ದ.

"ಆಟ ಮಾಡ್ತಿರೋರು ನೀವೇನಾ ಸಾರ್?"

ಆತ ಇವನನ್ನು ಮೇಲಿಂದ ಕೆಳಗೆ ನೋಡಿದ. "ಒಬ್ರೇ ಬಂದ್ರಾ? ಬನ್ನಿ, ಬನ್ನಿ."

ಪರದೆಯ ಮೇಲೆ ಅರ್ಧ ಗೋಡೆ ನಿಂತಿತ್ತು. ಗ್ಯಾರಂಟಿಯ ಕಣ್ಣು ತುಂಬಿ ಬಂತು.

"ಒಂದೊಂದು ಕಲ್ಲನ್ನೂ ಕೈಯಾರೆ ಇಡ್ಬೇಕು," ಎಂದ ಆತ. "ಜೊತೆಗೆ ಕೆಲಸ ಮಾಡೋರೇ ಇಲ್ಲ."

"ನಾನು ಹಲ್ಲು ಜೋಡಿಸೋನು ಸಾರ್."

"ಹಲ್ಲಾದ್ರೇನು, ಕಲ್ಲಾದ್ರೇನು? ಸಾಲು ನೆಟ್ಟಗಿದ್ರೆ ಆಯ್ತು. ಕೂತ್ಕೊಳ್ಳಿ."

ಆತ ಎರಡು ನಿಮಿಷ ಏನೋ ಟೈಪ್ ಮಾಡಿ ಕುರ್ಚಿ ಬಿಟ್ಟುಕೊಟ್ಟ. ಪರದೆಯ ನೆತ್ತಿಯ ಮೇಲೆ ಒಂದು ಕೆಂಪು ದೀಪ ಹೊತ್ತಿಕೊಂಡಿತು.

"ಇದೇನು ಸಾರ್?"

"ಕೆಲಸ ನಡೀತಿದೆ ಅನ್ನೋದಕ್ಕೆ ಗುರುತು. ಕೈ ಮಾತ್ರ ನಿಲ್ಲಿಸ್ಬೇಡಿ. ಕಾಫಿ ತರ್ತೀನಿ. ಬಿಸಿಲು ಜೋರಿದೆ, ನಿಮ್ಮ ಛತ್ರಿ ಕೊಡ್ತೀರಾ?"

ಕಾಫಿ ತರಲು ಅಷ್ಟು ದೊಡ್ಡ ಸೂಟ್‌ಕೇಸ್ ಯಾಕೆಂದು ಬೇರೆ ಯಾರಾದರೂ ಕೇಳುತ್ತಿದ್ದರು. ಗ್ಯಾರಂಟಿ ಬಾಗಿಲು ಹಿಡಿದುಕೊಂಡು ಸಹಾಯ ಮಾಡಿದ.

ಇನ್ನೂರು ಕಲ್ಲು ಇಟ್ಟ. ಕಾಫಿ ಬರಲಿಲ್ಲ. ಮುನ್ನೂರಾದವು. ನೋಡುವವರಿಗೆ ಜನ್ಮವಿಡೀ ಇದೇ ಕಸುಬಿನವನು ಎನಿಸಬೇಕು, ಹಾಗೆ ಕೈ ಓಡುತ್ತಿತ್ತು. ಆಗ ಫೋನ್ ಬಂತು.

"ಏನ್ ಮಾಡ್ತಿದೀಯ?" ಮಾಲೀಕರ ದನಿ ತಣ್ಣಗಿತ್ತು.

"ಆಟ ಇದೆ ಸಾರ್, ಗ್ಯಾರಂಟಿ! ನಾನೇ ಗೋಡೆ ಕಟ್ತಿದೀನಿ!"

"ನೋಡ್ತಿದೀವಿ ಕಣಯ್ಯಾ. ನಾವಷ್ಟೇ ಅಲ್ಲ, ಒಂಬತ್ತು ಸಾವಿರ ಜನ ನೋಡ್ತಿದಾರೆ."

"ಎಲ್ಲಿ ಸಾರ್?"

"ಆಟದ ಪುಟದಲ್ಲಿ, ಲೈವ್! ಮೇಲೆ ದಪ್ಪಕ್ಷರದಲ್ಲಿ ಹಾಕಿದೀಯಲ್ಲ, 'ಮೌನ ಮುರಿದು ನಿರ್ಮಾಪಕರೇ ನಿಮ್ಮ ಮುಂದೆ' ಅಂತ."

ಗ್ಯಾರಂಟಿ ಕೆಂಪು ದೀಪವನ್ನು ನೋಡಿದ. ದೀಪದ ಕೆಳಗಿನ ಪುಟ್ಟ ಗಾಜು ಅವನನ್ನು ನೋಡುತ್ತಿತ್ತು. "ಸಾರ್, ಅದು ನಾನಲ್ಲ!"

ಫೋನಿನಲ್ಲಿ ಅಕ್ಕನ ದನಿ ನುಗ್ಗಿತು. "ಮತ್ತೆ ಆ ನೀಲಿ ಅಂಗಿ ಯಾರ್ದೋ? ನಾಲ್ಕು ವರ್ಷ ನಮ್ಮ ಪಕ್ಕದಲ್ಲೇ ಕೂತು, ನಮ್ಮ ದುಡ್ಡಲ್ಲೇ ಗೋಡೆ ಕಟ್ತಿದ್ಯಲ್ಲೋ! ಅದೂ ಅರ್ಧ ಗೋಡೆ!"

ಕೆಳಗೆ ಬೀದಿಯಲ್ಲಿ ಜನ ಸೇರುವ ಸದ್ದಾಯಿತು. ವಿಳಾಸ ಓದಲು ಬರುತ್ತಿದ್ದುದು ಅವನೊಬ್ಬನಿಗೇ ಅಲ್ಲ.

ಆ ದಿನ ಅವನು ಕಳೆದುಕೊಂಡದ್ದು ಒಂದು ಕೆಲಸ, ಐದು ಜನ ಗೆಳೆಯರು, ಒಂದು ಛತ್ರಿ ಮತ್ತು ಬಾಯಿಯ ಮುಂಭಾಗದ ಎರಡು ಹಲ್ಲು.