ಗ್ಲಿಸರಿನ್ ಮಹಾಶಯರ ತೀರದ ದಾಹದ ಕುರಿತು

ಮಾನ್ಯ ಗ್ಲಿಸರಿನ್ ಅವರೇ,

ಚಳಿಗೆ ಒಡೆದ ತುಟಿ, ಬಿರಿದ ಹಿಮ್ಮಡಿಗಳ ಆಪದ್ಬಾಂಧವರೂ, ಸಾಬೂನಿನಿಂದ ಮುಲಾಮಿನವರೆಗೆ ಕರೆದಲ್ಲೆಲ್ಲ ಹೋಗುವ ಸರಳಜೀವಿಗಳೂ ಆದ ತಮ್ಮ ಸನ್ನಿಧಿಗೆ, ಕ್ರೀಮು ಕಾರ್ಖಾನೆಯ ಪ್ರಯೋಗಾಲಯದಲ್ಲಿ ತೂಕದ ಮೇಜಿಗೆ ಅಂಟಿಕೊಂಡಿರುವ ಹಂಗಾಮಿ ಸಹಾಯಕಿಯ ನಮಸ್ಕಾರಗಳು.

ತಾವು ಗಾಳಿಯಿಂದ ಎಷ್ಟು ನೀರು ಹೀರುತ್ತೀರಿ ಎಂದು ಅಳೆದು ವರದಿ ಒಪ್ಪಿಸಿದರೆ ನನ್ನ ಕೆಲಸ ಕಾಯಂ ಎಂದು ನಮ್ಮ ಮುಖ್ಯಸ್ಥರು ಮಾತು ಕೊಟ್ಟಿದ್ದರು. "ಅದಕ್ಕೆ ನೀರು ಕುಡಿಸಿ, ತೂಕ ಬರೀರಿ, ಅಷ್ಟೇ" ಎಂದಿದ್ದರು. ಯಾರು ಯಾರಿಗೆ ನೀರು ಕುಡಿಸಿದರು ಎಂಬುದು ತಮಗೇ ಗೊತ್ತು. ನೀರಿನ ಬಟ್ಟಲಿಟ್ಟ ಗಾಜಿನ ಪೆಟ್ಟಿಗೆಯಲ್ಲಿ ತಾವು ಗಂಟೆಗಂಟೆಗೂ ತೂಕ ಏರಿಸಿಕೊಂಡದ್ದು ಸರಿಯೇ. ಆದರೆ ಹೋಲಿಕೆಗೆಂದು ಒಂದು ಹನಿ ತೇವವೂ ಇಲ್ಲದಂತೆ ಒಣಗಿಸಿಟ್ಟ ಎರಡನೆಯ ಪೆಟ್ಟಿಗೆಯಲ್ಲೂ ದಪ್ಪಗಾದಿರಲ್ಲ, ಉಪವಾಸದಲ್ಲಿ ಮೈ ತುಂಬಿಕೊಳ್ಳುವ ಆ ವಿದ್ಯೆಗೆ ಏನೆನ್ನಲಿ! ಅಳತೆಯೇ ತಪ್ಪೆಂದು ಮೂರು ಸಲ ಮೊದಲಿನಿಂದ ಶುರು ಮಾಡಿದೆ. ಮನೆಯಲ್ಲಿ ಅತ್ತೆಯವರು ದಿನಾ ಸಂಜೆ "ಕಾಯಂ ಆಯ್ತೇನಮ್ಮಾ?" ಎನ್ನುತ್ತಾರೆ, ನಿಜ ಹೇಳುತ್ತೇನೆ, ಅಳು ಬರುತ್ತದೆ.

ಅಷ್ಟರಲ್ಲಿ ಮುಖ್ಯಸ್ಥರು ನೆಗಡಿಯೆಂದು ಒಂದು ದಿನ ರಜೆ ಹಾಕಿದರು. ಅಂದು ಒಣ ಪೆಟ್ಟಿಗೆಯಲ್ಲಿ ತಮ್ಮ ತೂಕ ಕೂದಲೆಳೆಯಷ್ಟೂ ಏರಲಿಲ್ಲ. ಆಗ ಹೊಳೆಯಿತು: ನನ್ನನ್ನು ನಂಬದ ಆ ಮಹನೀಯರು ಹತ್ತು ನಿಮಿಷಕ್ಕೊಮ್ಮೆ ಬಂದು, ಮುಚ್ಚಳ ತೆಗೆದು, ಮೂಗು ತಾಗುವಷ್ಟು ಬಗ್ಗಿ, "ಹಾ... ಎಷ್ಟಾಯ್ತು?" ಎಂದು ನಿಟ್ಟುಸಿರು ಬಿಡುತ್ತಿದ್ದರು. ತಾವು ಕುಡಿದದ್ದು ಆ ಉಸಿರಿನ ತೇವವನ್ನು! ಇಡೀ ಕಾರ್ಖಾನೆಯೇ ಮೂಗು ಮುಚ್ಚಿಕೊಳ್ಳುವ ಉಸಿರನ್ನು ಮುಖ ಸಿಂಡರಿಸದೆ ಸ್ವೀಕರಿಸಿದ ತಮ್ಮ ಸಹನೆ ದೊಡ್ಡದು.

ಆದ್ದರಿಂದ ತಾವು ಇನ್ನು ಮುಂದೆ ಬಟ್ಟಲಿನ ನೀರನ್ನು ಮಾತ್ರ ಕುಡಿಯಬೇಕೆಂದೂ, ಹಿರಿಯ ಅಧಿಕಾರಿಗಳು ಬಗ್ಗಿದಾಗ ಮುಖ ತಿರುಗಿಸಿಕೊಳ್ಳಬೇಕೆಂದೂ, ಅದಾಗದಿದ್ದರೆ ಈಗಾಗಲೇ ಕುಡಿದದ್ದರಲ್ಲಿ ಅವರ ಪಾಲೆಷ್ಟು ಎಂದು ಬರೆದು ಸಹಿ ಮಾಡಿಕೊಡಬೇಕೆಂದೂ ಕೋರುತ್ತೇನೆ. ಇದನ್ನು ಅವರ ಮುಖಕ್ಕೆ ಹೇಳುವ ಧೈರ್ಯ ನನಗಿಲ್ಲ.

ತಮ್ಮ ವಿಶ್ವಾಸಿ, ತಮ್ಮಿಂದಾಗಿ ಗಂಟಲೊಣಗಿದ,
ತೂಕದ ಮೇಜಿನ ಸಹಾಯಕಿ (ಇನ್ನೂ ಹಂಗಾಮಿ)

ವಿ.ಸೂ.: ಇಷ್ಟು ಬರೆದ ಮೇಲೆ ಹೇಗೋ ಧೈರ್ಯ ಬಂತು. ವರದಿಯ 'ದೋಷಕ್ಕೆ ಕಾರಣ' ಎಂಬಲ್ಲಿ 'ಮುಖ್ಯಸ್ಥರ ಉಸಿರು' ಎಂದು ಬರೆದು ಅವರ ಮುಂದಿಟ್ಟೆ. ಓದಿ ಕೆಂಪಾದರು, ಆಚೀಚೆ ನೋಡಿದರು, ನನ್ನ ಕಾಯಂ ಆದೇಶಕ್ಕೆ ಸಹಿ ಹಾಕಿ, "ಈ ವಿಷಯ ಎಲ್ಲೂ ಉಸಿರು ಬಿಡಬೇಡಿ" ಎಂದರು. ಕಾರಣ ಹೊಳೆದ ದಿನದಿಂದ ನಾನು ಅವರಿಗೆ ಹೇಳಬೇಕೆಂದಿದ್ದದ್ದೂ ಅದನ್ನೇ.